ಗುಡ್ಡದಾಚೆಯ ಕುಂಟ ಹೇಂಟೆ

ಮಾರ್ಚ್ 3, ಮಂಗಳವಾರ

ಕರುಗಳಿಗೆ ಹಾಲು ಕುಡಿಸಿ ಬಂದು ಮತ್ತೆ ಪಿಟೀಲು ಹಿಡಿದೆ. ‘ಹಾಲಿನ ಕ್ಯಾನು’ ಎಂಬ ರೀಲ್, ಕುಣಿತದ ಧಾಟಿ — ಮೊದಲ ಎರಡು ಭಾಗ ನೀರು ಕುಡಿದಷ್ಟು ಸಲೀಸು. ಮೂರನೆಯದು ನಾಲ್ಕು ಸ್ವರ ಬರುತ್ತದೆ, ಆಮೇಲೆ ಕತ್ತಲೆ. ಗುಡ್ಡದ ಈಚೆ ನಮ್ಮ ಕ್ಲೇರ್ ಸೀಮೆಯಲ್ಲಿ ಎಲ್ಲರೂ ಈ ರೀಲನ್ನು ಎರಡೇ ಭಾಗ ನುಡಿಸುತ್ತಾರೆ. ಮೂರನೆಯದು ಅಮ್ಮನ ಬಳಿ ಮಾತ್ರ ಇತ್ತು. ರೆಕಾರ್ಡ್ ಮಾಡಲು ಬಿಡುತ್ತಿರಲಿಲ್ಲ. "ಕಿವಿ ಇಲ್ವಾ ನಿಂಗೆ?" ಅನ್ನುತ್ತಿದ್ದಳು.

21ಕ್ಕೆ ಅವಳು ತೀರಿಕೊಂಡ ವರ್ಷದ ಪೂಜೆ. ಚರ್ಚಿನಲ್ಲಿ ಅದನ್ನೇ ನುಡಿಸಬೇಕು, ಇಡಿಯಾಗಿ. ಚಿಕ್ಕಮ್ಮ ಅಟ್ರಾಕ್ಟಾ ಫೋನಿನಲ್ಲಿ ಗುಡುಗಿದಳು: "ಅರ್ಧಂಬರ್ಧ ನುಡ್ಸಿ ನಮ್ಮಕ್ಕನ ಮಾನ ಕಳೀಬೇಡ ಕಣೇ ಡರ್ವ್ಲಾ. ಪೂರ್ತಿ ಬಂದ್ರೆ ಕಮಾನು ಮುಟ್ಟು, ಇಲ್ಲಾಂದ್ರೆ ಸುಮ್ನೆ ಮೊಣಕಾಲೂರಿ ಕೂತ್ಕೋ."

ಮಾರ್ಚ್ 5

ಬರಲಿಲ್ಲ. ಕರುಗಳಿಗೂ ಬೇಜಾರಾಗಿದೆ.

ಮಾರ್ಚ್ 8, ಭಾನುವಾರ

ಸಿಕ್ಕಿತು! ಸಿಕ್ಕಿತು!

ಮಧ್ಯಾಹ್ನ ಪಬ್‌ನಲ್ಲಿ ಎಂದಿನಂತೆ ವಾದ್ಯಗಾರರ ಬೈಠಕ್. ಗುಡ್ಡದಾಚೆಯಿಂದ ಮಲಾಕಿ ಟೂಹಿ ಬಂದಿದ್ದ, ತನ್ನ ಪುಟ್ಟ ತಿದಿವಾದ್ಯ ಕಾನ್ಸರ್ಟಿನಾ ಹೊತ್ತು. ಆಚೆಯವರೆಂದರೆ ಅಮ್ಮನಿಗೆ ಮೈಯೆಲ್ಲ ಉರಿ. "ನಮ್ಮ ರೀಲ್ ಕದ್ದು ತಲೆಕೆಳಗೆ ಮಾಡಿರೋ ಜನ" ಅನ್ನುತ್ತಿದ್ದಳು. ಅವರಲ್ಲಿ ಅದರ ಹೆಸರು ‘ಕುಂಟ ಹೇಂಟೆ’. ಅದನ್ನು ಯಾರಾದರೂ ಶುರು ಮಾಡಿದರೆ ಸಾಕು, ನನ್ನ ತೋಳು ಹಿಡಿದು ಹೊರಗೆ ಎಳೆಯುತ್ತಿದ್ದಳು. ಇವತ್ತು ಮಲಾಕಿ ಅದನ್ನೇ ಶುರು ಮಾಡಿದ, ಎಳೆಯುವವರಿರಲಿಲ್ಲ.

ನಾಲ್ಕು ಸ್ವರ — ನನ್ನ ನಾಲ್ಕು ಸ್ವರ! ಆಮೇಲೆ ಐದನೆಯದು, ಆರನೆಯದು... ಅಮ್ಮನ ಮೂರನೇ ಭಾಗವೇ ಇವರ ಮೊದಲನೆಯದು! ಟೀ ಚೆಲ್ಲಿದೆ.

ನಮ್ಮಲ್ಲಿ ಮೂರು ಸುತ್ತು ನುಡಿಸಿ ಇನ್ನೊಂದು ರೀಲಿಗೆ ಜಾರುವುದು ರೂಢಿ. ನಡುವೆ ನಿಲ್ಲಿಸಿ ಕೇಳುವಂತಿಲ್ಲ. ಮೊದಲ ಸುತ್ತು ಅಳುತ್ತ ಕಳೆದೆ, ದಡ್ಡಿ. ಎರಡನೆಯದರಲ್ಲಿ ಕಮಾನಿಲ್ಲದೆ ಬರೀ ಬೆರಳು ಆಡಿಸಿದೆ. ಮೂರನೆಯದರಲ್ಲಿ ಕಮಾನು ಇಟ್ಟೆ... ಒಂದು ತಿರುವು ತಪ್ಪಿತು. ಮುಗಿಯಿತು ಅಂದುಕೊಂಡೆ.

ಮಲಾಕಿ ನನ್ನತ್ತ ನೋಡಿದ. ಇನ್ನೊಂದು ರೀಲಿಗೆ ಜಾರಲಿಲ್ಲ. ಮತ್ತೆ ಅದನ್ನೇ ಎತ್ತಿಕೊಂಡ.

"ಏನ್ ಮಲಾಕಿ, ಎಣಿಸೋದ್ ಮರ್ತ್ಯಾ?" ಕೊಳಲಿನವನು ಕಾಲೆಳೆದ.

"ಹೇಂಟೆ ಕುಂಟು ಕಣಪ್ಪ. ಗೂಡು ಸೇರೋಕೆ ಹೊತ್ತಾಗ್ತದೆ."

ನಾಲ್ಕನೇ ಸುತ್ತಿಗೆ ಇಡೀ ಭಾಗ ಕೈಗೆ ಬಂತು.

ಮಾರ್ಚ್ 10

ಚಿಕ್ಕಮ್ಮನ ಅಡುಗೆಮನೆ. ಮೂರೂ ಭಾಗ ನುಡಿಸಿದೆ. ಬ್ರೆಡ್ ಹಿಟ್ಟು ನಾದುತ್ತಿದ್ದವಳ ಕೈ ನಿಂತಿತು. ಕಣ್ಣು ತುಂಬಿತ್ತು.

"ಎಲ್ಲಿ ಸಿಕ್ತೇ?"

"ಗುಡ್ಡದಾಚೆ."

"ಅಂದ್ರೆ... ಕದ್ದೋರು ನಾವಾ?" ಎಂದವಳೇ ಹೊಟ್ಟೆ ಹಿಡಿದು ನಕ್ಕಳು. "ಅದಕ್ಕೇ ನಮ್ಮಕ್ಕ ನೆಲ್ ಎದ್ದು ಓಡ್ತಿದ್ದದ್ದು! ಕಳ್ಳಿ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಳು ನನ್ನಮ್ಮ. ಅವಳ ಮೇಲೆ ಇಷ್ಟು ಪ್ರೀತಿ ಎಂದೂ ಬಂದಿರಲಿಲ್ಲ.

ಮಾರ್ಚ್ 21, ಶನಿವಾರ, ಸಂಜೆ 4

ಗೆದ್ದೆ ಅಮ್ಮಾ. ಇಡಿಯಾಗಿ ನುಡಿಸಿದೆ, ಮಲಾಕಿಯ ಜೊತೆ, ನಿನ್ನ ಫೋಟೋದ ಎದುರಲ್ಲೇ. ನನ್ನ ಮೂರನೆಯದು ಮುಗಿಯುವಲ್ಲಿ ಅವನ ಎರಡನೆಯದು ಶುರು. ಮುಗಿಸುವ ಜಾಗ ಇಬ್ಬರಿಗೂ ಬೇರೆ ಬೇರೆ, ಹಾಗಾಗಿ ನಿಲ್ಲಿಸಲು ಬಾರದೆ ಸುತ್ತುತ್ತಲೇ ಇದ್ದೆವು. ಪಾದ್ರಿಯ ಬೂಟು ಕೂಡ ತಾಳ ಹಾಕುತ್ತಿತ್ತು.

ಈಗ ನಮ್ಮನೆ ಅಂಗಳದಲ್ಲಿ ಗುಡ್ಡದಾಚೆಯವರ ಕಾರುಗಳು. ಯಾವ ಭಾಗದಿಂದ ಶುರು ಮಾಡುವುದೆಂದು ಆಗಲೇ ಜಗಳ. ಚಿಕ್ಕಮ್ಮ ಕೆಳಗಿನಿಂದ ಕೂಗುತ್ತಿದ್ದಾಳೆ: "ಬಾರೇ ಕಳ್ಳಿ ಮಗಳೇ, ಇವ್ರು ಮೊದ್ಲಿಂದ ಎತ್ಕೊಳ್ತಾ ಇದಾರೆ!" ಯಾರ ಮೊದಲು? ಪಿಟೀಲು ಎಲ್ಲಿ —