ಹತ್ತು ಗಂಟೆಯ ಮಾತ್ರೆ

ಮಾರ್ಚ್ ೧೪, ಭಾನುವಾರ

ಪ್ರೀತಿಯ ಗುಬ್ಬಿ,

ನಾವೆಲ್ಲ ಚೆನ್ನಾಗಿದ್ದೇವೆ. ನೀವೂ ಹಾಗೇ ಇದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. "ಬಾವಿಗೆ ಕಲ್ಲು ಹಾಕಿದ್ರೂ ಡುಬ್ ಅನ್ನುತ್ತೆ, ನಮ್ಮಕ್ಕನ ಹತ್ರ ಅದೂ ಇಲ್ಲ" ಅಂತ ಗಂಡನ ಮುಂದೆ ಬೈದುಕೊಂಡಿರುತ್ತೀಯ. ಬೈದುಕೋ, ತಪ್ಪು ನನ್ನದೇ. ಕೆಲಸ ಜಾಸ್ತಿ ಅನ್ನುವುದು ಅರ್ಧ ನಿಜ. ಇನ್ನರ್ಧ, ಕಾಗದದ ಕೊನೆಯಲ್ಲಿ ನೀನು ಕೇಳಿದ್ದ ಪ್ರಶ್ನೆ. "ಕೊನೇ ದಿನಗಳಲ್ಲಿ ಅಪ್ಪನಿಗೆ ನೋವಿತ್ತಾ? ಜೊತೆಗಿದ್ದವಳು ನೀನು, ನಿಜ ಹೇಳು." ಮೂರು ಸಲ ಉತ್ತರ ಬರೆಯಲು ಕೂತು, ಮೂರು ಸಲವೂ ಬಿಸಿಲು ಸೆಕೆ ಅಂತ ಏನೇನೋ ಬರೆದು ಹರಿದು ಹಾಕಿದೆ. ಇವತ್ತು ಬರೆದೇ ತೀರುತ್ತೇನೆ. ಅದಕ್ಕೆ ಮೊದಲು ಒಬ್ಬ ಮೇಷ್ಟ್ರ ವಿಷಯ ಹೇಳಬೇಕು, ಸ್ವಲ್ಪ ತಾಳಿಕೋ.

"ವಾಸಿಯಾಗದವರಿಗೆ ನರ್ಸ್ ಯಾಕಮ್ಮ?" ಅಂತ ನಿನ್ನ ಅತ್ತೆ ಪ್ರತಿ ಸಲ ಕೇಳುತ್ತಾರಲ್ಲ, ಅವರಿಗೇ ಹೆಚ್ಚು ಬೇಕು ಅಂತ ಹೇಳು. ಚೀಲ ಹೆಗಲಿಗೇರಿಸಿಕೊಂಡು ಮನೆಯಿಂದ ಮನೆಗೆ ಹೋಗುತ್ತೇನೆ. ಹುಣ್ಣು ತೊಳೆಯುತ್ತೇನೆ. ಒಣಗಿದ ಬಾಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುವುದು, ಬೆನ್ನು ಹುಣ್ಣಾಗದ ಹಾಗೆ ಮಗ್ಗುಲು ಬದಲಿಸುವುದು, ಇದನ್ನೆಲ್ಲ ಮನೆಯವರಿಗೆ ಹೇಳಿಕೊಡುತ್ತೇನೆ. ಅದಕ್ಕಿಂತ ಹೆಚ್ಚಾಗಿ ಕೂತು ಕೇಳುತ್ತೇನೆ. ಹೊಸಬರಿಗೆ ನಮ್ಮ ಡಾಕ್ಟರ ಮೊದಲ ಪಾಠ, "ಮೊದ್ಲು ಒಂದು ಕುರ್ಚಿ ಹುಡುಕಿ. ನಿಂತೇ ಇರೋರ ಹತ್ರ ಯಾರೂ ನಿಜ ಹೇಳಲ್ಲ." ಎರಡನೆಯ ಪಾಠ, ಏನೇ ಮಾಡುವುದಿದ್ದರೂ ಹಾಸಿಗೆಯಲ್ಲಿರುವವರನ್ನು ಕೇಳಿ ಮಾಡಬೇಕು, ಬಾಗಿಲಲ್ಲಿ ನಿಂತವರನ್ನಲ್ಲ. ಕೇಳಲು ಸುಲಭ ಅನ್ನಿಸುತ್ತದೆ.

ಈ ಮೇಷ್ಟ್ರು ಗಣಿತ ಕಲಿಸುತ್ತಿದ್ದವರು. ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿತ್ತು. ನಿಮ್ಮ ನೋವಿಗೆ ಹತ್ತಕ್ಕೆ ಎಷ್ಟು ಕೊಡುತ್ತೀರಿ ಅಂತ ನಾವು ಎಲ್ಲರನ್ನೂ ಕೇಳುವುದು ವಾಡಿಕೆ. ಅವರು "ನಾಲ್ಕು" ಅಂದರು. ಪರವಾಗಿಲ್ಲ ಅಂತ ಬರೆದುಕೊಂಡೆ. ಮುಂದಿನ ವಾರವೂ ನಾಲ್ಕೇ. ಆದರೆ ಫ್ಯಾನ್ ತಿರುಗುತ್ತಿದ್ದರೂ ಅಂಗಿಯ ಕಾಲರು ಬೆವರಿನಿಂದ ತೊಯ್ದಿತ್ತು. ನನಗೆ ಅನುಮಾನ ಬಂತು.

"ಮೇಷ್ಟ್ರೇ, ನಿಮ್ಮ ಕ್ಲಾಸಲ್ಲಿ ಯಾರಾದ್ರೂ ಹತ್ತಕ್ಕೆ ಹತ್ತು ತಗೊಂಡಿದ್ರಾ?"

"ಮೂವತ್ತೆರಡು ವರ್ಷದಲ್ಲಿ ಒಬ್ಬಳು ತಗೋಬೇಕಿತ್ತು. ಅಕ್ಷರ ಚೆನ್ನಾಗಿರ್ಲಿಲ್ಲ. ಅರ್ಧ ಕಳೆದೆ."

ಒಳಗಿನಿಂದ ಅವರ ಹೆಂಡತಿ, "ಇವರ ನಾಲ್ಕು ಅಂದ್ರೆ ಬೇರೆಯವರ ಎಂಟಮ್ಮ. ಅವತ್ತೇ ಹೇಳ್ಬೇಕಿತ್ತು ನಾನು," ಅಂದರು. ಎರಡು ವಾರ ಎಂಟನ್ನು ನಾಲ್ಕು ಅಂತ ಬರೆದುಕೊಂಡ ನನ್ನ ಬುದ್ಧಿಗೆ ಏನು ಹೇಳೋಣ.

ಮಾತ್ರೆ ಎಣಿಸಿದರೆ ಅರ್ಧಕ್ಕರ್ಧ ಹಾಗೇ ಇದ್ದವು. ನಾಲ್ಕು ಗಂಟೆಗೊಂದು ಅಂತ ಡಾಕ್ಟರು ಬರೆದಿದ್ದ ಮಾರ್ಫಿನ್ ಅದು. ಆಕೆ ಅವನ್ನು ಸಕ್ಕರೆ ಡಬ್ಬದ ಹಿಂದೆ ಕೂಡಿಟ್ಟಿದ್ದರು. "ಈಗ್ಲೇ ಎಲ್ಲಾ ಕೊಟ್ಬಿಟ್ರೆ, ಮುಂದೆ ನೋವು ಜೋರಾದಾಗ ಏನು ಕೊಡ್ಲಿ?" ಅಂದರು. ಮನೆ ನಡೆಸಿದ ಹೆಂಗಸಿನ ಜಾಣತನ, ತಪ್ಪು ಅನ್ನಲು ಬಾಯಿ ಬರಲಿಲ್ಲ. ಕೂತು ಹೇಳಿದೆ: ಇದು ಕೂಡಿಡುವ ವಸ್ತುವಲ್ಲಮ್ಮ. ನೋವು ಒಳಗೆ ಬಂದ ಮೇಲೆ ಓಡಿಸುವುದು ಕಷ್ಟ, ಬರುವ ಮೊದಲೇ ಬಾಗಿಲು ಕಾಯಬೇಕು, ಅದಕ್ಕೇ ಗಡಿಯಾರ ನೋಡಿ ಕೊಡುವುದು. ನೋವು ಹೆಚ್ಚಾದರೆ ಮಾತ್ರೆಯನ್ನೂ ಹೆಚ್ಚು ಮಾಡಬಹುದು. ಜೊತೆಗೆ ಮಲಬದ್ಧತೆ ಆಗದಿರಲು ಬೇರೆ ಔಷಧ. ಅದನ್ನು ಮರೆತವರನ್ನು ನಮ್ಮ ಡಾಕ್ಟರು ಇಡೀ ದಿನ ಮಾತಾಡಿಸುವುದಿಲ್ಲ.

ನಾಲ್ಕು ದಿನಕ್ಕೆ ಕಾಲರು ಒಣಗಿತು. ಮಾತ್ರೆ ಹೊತ್ತಿಗೆ ಸರಿಯಾಗಿ ಶುರುವಾದದ್ದರ ಮಂಪರು ಮಾತ್ರ ಇನ್ನೂ ಇತ್ತು. ಆಗ ಆಕೆ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಕೇಳಿದರು. "ಶನಿವಾರ ಮಗಳು ಬರ್ತಿದ್ದಾಳೆ. ಅವತ್ತೊಂದಿನ ಹತ್ತು ಗಂಟೆ ಮಾತ್ರೆ ಬಿಟ್ಬಿಡ್ಲಾ? ಅಷ್ಟು ದೂರದಿಂದ ಬರ್ತಾಳೆ, ಎರಡು ಮಾತಾದ್ರೂ ಆಡ್ಲಿ."

ನನ್ನ ಕೈಯಲ್ಲಿದ್ದ ಹತ್ತಿ ಕೆಳಗೆ ಬಿತ್ತು ಗುಬ್ಬಿ. ಎತ್ತಿಕೊಂಡು, "ಅವರನ್ನೇ ಕೇಳೋಣ," ಅಂದೆ.

"ಕೇಳಿದ್ರೆ ಬೇಡ ಅಂದ್ರೆ?"

"ಅದಕ್ಕೇ ಕೇಳ್ಬೇಕು."

ಮಂಚದ ಆಚೆ ಈಚೆ ಕೂತು ಕೇಳಿದೆವು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ನಿದ್ದೆ ಹೋದರು ಅಂದುಕೊಳ್ಳುವಷ್ಟರಲ್ಲಿ ಮಾತು ಬಂತು. "ಮಾತ್ರೆ ಕೊಡು. ನೋವಿದ್ರೆ ಅವಳು ಮಾತಾಡಿದ್ದು ನನಗೆ ಕೇಳಿಸೋದೇ ಇಲ್ಲ ಕಣೇ. ನಿದ್ದೆ ಮಾಡ್ತಿದ್ರೆ ಪಕ್ಕದಲ್ಲಿ ಕೂತ್ಕೊಳ್ಲಿ. ಅವಳು ಮಗುವಾಗಿದ್ದಾಗ ನಾನು ಹಾಗೇ ಕೂತಿರ್ಲಿಲ್ವಾ?" ಆಕೆ ಎದ್ದು ಹೋಗಿ ಗಡಿಯಾರಕ್ಕೆ ಅಲಾರಾಂ ಇಟ್ಟು ಬಂದರು.

ಶನಿವಾರ ಆ ಬೀದಿಯಲ್ಲಿ ನನಗೆ ಕೆಲಸವಿರಲಿಲ್ಲ. ಆದರೂ ಹೋದೆ. ಮೇಷ್ಟ್ರು ನಿದ್ದೆಯಲ್ಲಿದ್ದರು, ಮಗಳು ಸ್ಟೂಲಿನ ಮೇಲೆ ಕೂತು ಅವರ ಉಗುರು ಕತ್ತರಿಸುತ್ತಿದ್ದಳು. ಚಹಾ ಹೊತ್ತಿಗೆ ಕಣ್ಣು ಬಿಟ್ಟು ಬೆರಳು ನೋಡಿಕೊಂಡರು. "ಹತ್ತಕ್ಕೆ ಆರು. ಹೆಬ್ಬೆರಳು ಸರಿಯಾಗಿಲ್ಲ," ಅಂದು ಮತ್ತೆ ಮಲಗಿದರು. ಆ ಹುಡುಗಿ ನಗುತ್ತಾ ಅತ್ತಳು. ಅವರಿಬ್ಬರಿಗೆ ಆ ದಿನ ಸಿಕ್ಕಿದ್ದು ಅಷ್ಟೇ.

ಮುಂದಿನ ಬುಧವಾರ ಮಧ್ಯಾಹ್ನ ಮೇಷ್ಟ್ರು ಹೋದರು. "ಬೆಳಿಗ್ಗೆ ನೋವೆಷ್ಟು ಅಂದ್ರೆ ಸೊನ್ನೆ ಅಂದ್ರು. ಅವರು ಸೊನ್ನೆ ಕೊಟ್ಟಿದ್ದಕ್ಕೆ ಯಾರಾದ್ರೂ ಖುಷಿಪಟ್ಟಿದ್ರೆ ನಾನೊಬ್ಬಳೇ," ಅಂತ ಆಕೆ ಹೇಳಿದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ಅಳು ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂತಿದ್ದವರು ಪಾಪ, ಕಿಟಕಿ ಸೀಟು ಬಿಟ್ಟುಕೊಟ್ಟರು.

ನಮ್ಮಲ್ಲಿ ಇನ್ನೊಂದು ಪಾಠವಿದೆ. ಕೇಳದವರ ಮೇಲೆ ನಿಜವನ್ನು ಹೇರಬಾರದು, ಕೇಳಿದವರಿಗೆ ಮುಚ್ಚಿಡಬಾರದು. ನೀನು ಕೇಳಿದ್ದೀಯ.

ನಿನ್ನ ಗಂಡನಿಗೆ ಕೆಮ್ಮು ಪೂರ್ತಿ ಹೋಗುವವರೆಗೆ ಸಿಗರೇಟು ಮುಟ್ಟಬೇಡ ಅಂತ ನಾನು ಹೇಳಿದೆ ಅನ್ನು. ಮಕ್ಕಳಿಗೆ ದೊಡ್ಡಮ್ಮನ ಮುತ್ತು. ನೀನು ನೂರು ಕಾಲ ಚೆನ್ನಾಗಿ ಬಾಳಬೇಕು ಕಂದ.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ. ಕವರು ಅಂಟಿಸಿದ ಮೇಲೆ, ಉತ್ತರವನ್ನೇ ಬರೆದಿಲ್ಲ ಅಂತ ಮತ್ತೆ ಬಿಚ್ಚಿದೆ. ಇತ್ತು ಗುಬ್ಬಿ. ನೀನು ಬಂದ ದಿನ ಅಪ್ಪನಿಗೆ ತುಂಬಾ ನೋವಿತ್ತು. ಆಗ ನಾನಿನ್ನೂ ಈ ಕೆಲಸಕ್ಕೆ ಬಂದಿರಲಿಲ್ಲ, ಆಪರೇಷನ್ ವಾರ್ಡಿನಲ್ಲಿದ್ದೆ. ಆದರೂ ಗೊತ್ತಿಲ್ಲದೆ ಮಾಡಿದೆ ಅನ್ನಲಾರೆ. ನೀನು ಮೂರರ ಬಸ್ಸಿಗೆ ಬರುತ್ತೀಯ, ಅಪ್ಪ ಎಚ್ಚರವಾಗಿರಲಿ ಅಂತ ಹತ್ತು ಗಂಟೆಯ ಮಾತ್ರೆ ಕೊಡಲಿಲ್ಲ. ಎರಡು ಗಂಟೆಯದೂ ಕೊಡಲಿಲ್ಲ. ಅಪ್ಪ ಗಡಿಯಾರ ನೋಡಿದರು, ನನ್ನ ಮುಖ ನೋಡಿದರು. "ಇನ್ನೂ ಟೈಮಾಗಿಲ್ಲಪ್ಪ," ಅಂದೆ. ಅವರನ್ನು ಒಂದು ಮಾತು ಕೇಳಲಿಲ್ಲ. ನೀನು ಬಂದಾಗ ಎದ್ದಿದ್ದರು, ನಿನ್ನನ್ನು ಕರೆದರು, ಅರ್ಧ ಗಂಟೆ ಕೈ ಬಿಡಲಿಲ್ಲ. ಅಪ್ಪ ಯಾವತ್ತೂ ಅಷ್ಟು ಬಿಗಿಯಾಗಿ ಕೈ ಹಿಡಿದಿರಲಿಲ್ಲ ಅಂತ ಆರು ವರ್ಷದಿಂದ ಎಲ್ಲರ ಹತ್ತಿರ ಹೇಳುತ್ತೀಯ, ನಾನು ಪಕ್ಕದಲ್ಲಿ ನಿಂತು ಹೂಂ ಅನ್ನುತ್ತೇನೆ. ಪ್ರೀತಿ ಇರಲಿಲ್ಲ ಅಂತಲ್ಲ ಕಣೇ. ಆದರೆ ಆ ಬಿಗಿ ನೋವಿನದು. ನೀನು ಮುಖ ತೊಳೆಯಲು ಎದ್ದು ಹೋದ ಕೂಡಲೇ ಅಪ್ಪ ನನ್ನ ಕಡೆ ತಿರುಗಿ, "ಈಗ ಟೈಮಾಯ್ತಾ ಮಗಳೇ?" ಅಂತ ಕೇಳಿದರು.