ಬಲಗೈ ನಿಯಮ

ಡುಲೂತ್
ಬುಧವಾರ, ನವೆಂಬರ್ 12

ವೇಡ್,

ಈಗ ಮೂರು ಗಂಟೆ. ಅದಿರಿನ ಹಡಗೊಂದು ಸೇತುವೆ ಎತ್ತಲಿ ಎಂದು ಕೊಂಬು ಊದಿತು. ನನಗೆ ಎಚ್ಚರವಾಯಿತು, ನಾನು ಅಲುಗಿದ್ದಕ್ಕೆ ತೋಳ ಮೇಲೆ ಮಲಗಿದ್ದ ಐಲಿಗೂ ಎಚ್ಚರವಾಯಿತು. ಅವಳ ಮೈ ಇನ್ನೂ ಸುಡುತ್ತಿದೆ. 'ಪ್ರಿಯ' ಎಂದು ಬರೆದು ಅಳಿಸಿದ್ದೇನೆ. ಈ ಹೊತ್ತಿನಲ್ಲಿ ನಾನು ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಆದರೆ ಐದಕ್ಕೆ ಎದ್ದು ಕಾಫಿ ಕುಡಿಯುತ್ತಾ ಮೇಲ್ ನೋಡುತ್ತೀಯ. ಆರು ವರ್ಷ ಜೊತೆಗಿದ್ದವಳಿಗೆ ಅಷ್ಟು ಗೊತ್ತಿದೆ.

ಎಂಟು ಗಂಟೆಗೆ ನನ್ನ ಪರೀಕ್ಷೆ. ಜ್ವರ ಬಿಟ್ಟು ಒಂದು ದಿನ ಕಳೆಯುವವರೆಗೂ ಮಗುವನ್ನು ಕರೆತರಬೇಡಿ ಎಂದು ಶಿಶುವಿಹಾರದವರು ಹೇಳಿದ್ದಾರೆ. ಸೊಂಟದ ಆಪರೇಷನ್ ಆದ ಅಮ್ಮ ವಾಕರ್ ಹಿಡಿದು ನಡೆಯುತ್ತಿದ್ದಾಳೆ. ಪ್ರೊಫೆಸರ್ ಹಾಲ್ವರ್ಸನ್ ಯಾರಿಗೂ ಮರುಪರೀಕ್ಷೆ ಕೊಡುವವರಲ್ಲ, ತಪ್ಪಿಸಿಕೊಂಡರೆ ಸೊನ್ನೆ. ಈ ಎರಡನೇ ಫಿಸಿಕ್ಸ್ ಕೋರ್ಸು ಪಾಸಾಗದೆ ಫಿಸಿಯೋಥೆರಪಿಗೆ ಅರ್ಜಿಯನ್ನೂ ಹಾಕುವಂತಿಲ್ಲ. ಇದೆಲ್ಲ ನಿನ್ನೆಯೇ ಹೇಳಿದ್ದೆ. ನೀನು ಏನಂದೆ? "ಬುಧವಾರ ಮಗು ನೋಡ್ಕೊಳ್ಳೋ ಸರದಿ ನಿಂದು, ಕಾರಿನ್. ನಂದು ಗುರುವಾರದಿಂದ. ವಕೀಲರ ಮುಂದೆ ಒಪ್ಕೊಂಡಿದ್ದೀಯಲ್ಲ?" ಅಂದೆ. ಆಮೇಲೆ ನಕ್ಕು, "ಬಿಟ್ಬಿಡೇ ಅದನ್ನ. ಚೆಂಡು, ಗಾಡಿ, ಇಳಿಜಾರು ಅಂತ ಮೊದಲನೇದು ಹೆಂಗೋ ದಾಟ್ದೆ. ಎರಡನೇದು ಎಲ್ಲರಿಗೂ ಬರಲ್ಲ" ಅಂದೆ.

ನಿನ್ನ ಮಾತು ಪೂರ್ತಿ ಸುಳ್ಳಲ್ಲ, ಅದೇ ನನಗೆ ಉರಿಯುವುದು. ಮೊದಲನೇ ಕೋರ್ಸು ನನ್ನ ಮೈಗೇ ಗೊತ್ತಿತ್ತು. ಬಸುರಿಯಾಗಿ ಈ ಊರಿನ ಹಿಮಗಟ್ಟಿದ ಏರು ಹತ್ತಿದವಳಿಗೆ ಘರ್ಷಣೆ ಎಂದರೇನು ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ. ವಿದ್ಯುತ್ತು, ಕಾಂತ ಅನ್ನುವ ಈ ಎರಡನೇದರಲ್ಲಿ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಇಲ್ಲದ ಒಂದು ಗೋಳವನ್ನು ಇದೆ ಎಂದುಕೊಂಡು, ಕಾಣದ ಗೆರೆಗಳು ಅದರಿಂದ ಎಷ್ಟು ಹೊರಗೆ ಬರುತ್ತವೆ ಎಂದು ಲೆಕ್ಕ ಹಾಕಬೇಕು. ಒಂದು ವಾರ ಕ್ಲಾಸು ತಪ್ಪಿದರೆ ಮುಂದಿನ ವಾರದ್ದು ಬೇರೆ ಯಾವುದೋ ಭಾಷೆ. ಏನೂ ಇಲ್ಲದ ಜಾಗದಲ್ಲೂ ಎಳೆತ ಇರುತ್ತದಂತೆ. ನೀನು ಮನೆ ಬಿಡುವ ಮೊದಲು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಕಳೆದ ವಾರದ ಕಿರುಪರೀಕ್ಷೆಯಲ್ಲಿ ನನ್ನ ಬಾಣಗಳೆಲ್ಲ ಉಲ್ಟಾ. ಕಾಂತದ ನಡುವೆ ಹಾಯುವ ಕಣ ಯಾವ ಕಡೆ ಬಾಗುತ್ತದೆ ಎಂದು ಬಲಗೈ ಬೆರಳು ಚಾಚಿ ಹೇಳಬೇಕು, ನಿನಗೆ ಗೊತ್ತಲ್ಲ. ಎಲೆಕ್ಟ್ರಾನಿನದು ಒಂದು ಮಾತ್ರ ಸರಿ ಬಂದಿತ್ತು. ಲ್ಯಾಬಿನಲ್ಲಿ ಹೇಳಿಕೊಡುವ ಹುಡುಗ ಓವನ್, "ಮಾಡಿ ತೋರ್ಸಿ ನೋಡೋಣ" ಎಂದ. ತೋರಿಸಿದೆ. "ಅಕ್ಕಾ, ಅದು ಎಡಗೈ" ಎಂದ. ಹಿಂದಿನ ಬೆಂಚಿನ ಹುಡುಗರು ಬಿದ್ದು ಬಿದ್ದು ನಕ್ಕರು. ಎಲೆಕ್ಟ್ರಾನ್ ಋಣ ಕಣ, ಅದಕ್ಕೆ ದಿಕ್ಕು ತಿರುಗಿಸಬೇಕಿತ್ತು, ಅದನ್ನೂ ಮರೆತಿದ್ದೆ. ಎರಡು ತಪ್ಪು ಸೇರಿ ಒಂದು ಸರಿ. ಓವನ್ ಪಾಪ, "ಬಲಗೈಲಿ ಪೆನ್ಸಿಲ್ ಇರುತ್ತಲ್ಲಾ, ಎಲ್ಲರೂ ಹಿಂಗೇ ಮಾಡ್ತಾರೆ" ಎಂದು ಸಮಾಧಾನ ಮಾಡಿದ.

ಓದುವಾಗ ನನ್ನ ಬಲಗೈಯಲ್ಲಿ ಪೆನ್ಸಿಲ್ ಇರಲಿಲ್ಲ ವೇಡ್. ಐಲಿ ಇದ್ದಳು. ಅವಳು ಮಲಗುವುದು ಆ ತೋಳಿನ ಮೇಲೆ ಮಾತ್ರ. ಇಡೀ ಪಾಠವನ್ನು ನಾನು ಉಳಿದ ಕೈಯಲ್ಲಿ ಕಲಿತಿದ್ದೇನೆ.

ನೀನು ಇದೇ ಕೋರ್ಸು ಓದುವಾಗ ನೆನಪಿದೆಯಾ? ಬೇಕರಿಯಿಂದ ಬಂದು, ಮೈಗೆ ಹತ್ತಿದ ಹಿಟ್ಟನ್ನೂ ತೊಳೆಯದೆ ನಿನ್ನ ಎದುರು ಕೂತು ಪ್ರಶ್ನೆ ಕೇಳುತ್ತಿದ್ದೆ. ನೀನು ಗಾಳಿಯಲ್ಲಿ ಬೆರಳು ತಿರುಗಿಸಿ, "ಒಳಗಡೆ... ಅಲ್ಲ, ಹೊರಗಡೆ" ಎನ್ನುತ್ತಿದ್ದೆ. "ನಂದು ಮುಗೀಲಿ, ಆಮೇಲೆ ನೀನು ಓದು, ಮನೆ ನಾನು ನೋಡ್ಕೋತೀನಿ" ಎಂದವನೂ ನೀನೇ. ಅದನ್ನು ಯಾವ ವಕೀಲರ ಮುಂದೆಯೂ ಹೇಳಿಸಿಕೊಂಡಿರಲಿಲ್ಲ, ನನ್ನ ಬುದ್ಧಿಗಿಷ್ಟು. ಆಗ ನಿನ್ನ ಬಲಗೈ ಖಾಲಿ ಇತ್ತು. ಅದನ್ನು ಖಾಲಿ ಇಟ್ಟವಳು ನಾನು.

ಸಂಸಾರಕ್ಕೆ ವಾಪಸು ಬಾ ಎನ್ನುತ್ತಿಲ್ಲ. ಏಳರಿಂದ ಹತ್ತರವರೆಗೆ ಇಲ್ಲಿ ಬಂದು ಕೂತಿರು, ಸಾಕು. ಔಷಧ ಅಡುಗೆಮನೆ ಕಿಟಕಿಯ ಮೇಲಿದೆ. ಕೋಟು ಬಿಚ್ಚದಿದ್ದರೂ ಸರಿ, ನನ್ನ ಜೊತೆ ಮಾತಾಡದಿದ್ದರೂ ಸರಿ.

ಕಾರಿನ್

ಮರೆತದ್ದು: ಇಷ್ಟನ್ನೂ ಎಡಗೈಯಲ್ಲೇ ಟೈಪ್ ಮಾಡಿದ್ದೇನೆ. ಈ ಕೈಗೆ ಏನು ಹೊಳೆಯುತ್ತದೋ ಅದರ ವಿರುದ್ಧ ಬರೆದರೆ ಉತ್ತರ ಸರಿಯಾಗುತ್ತದೆ ಎಂದು ಮೊನ್ನೆಯೇ ಕಂಡುಕೊಂಡೆ. ಹಳೆಯ ಪ್ರಶ್ನೆಪತ್ರಿಕೆಯಲ್ಲಿ ಒಂದೂ ತಪ್ಪಲಿಲ್ಲ. ನೀನು ಬರದಿದ್ದರೆ ಇವಳನ್ನು ತೋಳಲ್ಲಿ ಹಾಕಿಕೊಂಡೇ ಹೋಗಿ ಹಾಲ್‌ನಲ್ಲಿ ಕೂರುತ್ತೇನೆ, ಅವರು ಎಬ್ಬಿಸಿ ಕಳಿಸುವವರೆಗೂ. ಹೊರಗೆ ಸೊನ್ನೆಗಿಂತ ಕೆಳಗಿದೆ ಚಳಿ, ಇವಳಿಗೆ ಜ್ವರ. ನನ್ನ ಮೇಲಿನ ಸಿಟ್ಟಿಗೆ ಇವಳನ್ನು ಹೊರಗೆ ಹೊರಡಿಸಬೇಡ ವೇಡ್. ಬರುತ್ತೇನೆ ಎಂದಾದರೂ, ಬರುವುದಿಲ್ಲ ಎಂದಾದರೂ, ಬೆಳಗಾಗುವ ಮೊದಲು ಒಂದು ಫೋನ್ ಮಾಡು.