ಕಲೆಯಿಲ್ಲದ ಹಳೆಯ ಫೋಟೊಗಳು

ಭಾನುವಾರ, ಮಾರ್ಚ್ ೯

ಮುದ್ದು ಮಗಳೇ,

ಹೇಗಿದ್ದೀಯ? ಪತ್ರ ಬರೆಯದೆ ಐದು ತಿಂಗಳಾಯಿತು, ಬೈಯಬೇಡ. ಬರೆದಿದ್ದರೆ ಗುಟ್ಟು ಬಾಯಿಬಿಟ್ಟುಬಿಡುತ್ತಿದ್ದೆ. ಫೋನಿನಲ್ಲಾದರೆ ನೀನು "ಚೆನ್ನಾಗಿದ್ದೀನಮ್ಮ" ಎಂದು ಇಟ್ಟುಬಿಡುತ್ತೀಯ. ನೀನು ಮನೆಗೆ ಬಂದು ಎರಡು ವರ್ಷವಾಯಿತು. ಈ ಸಲ ನಿನ್ನನ್ನು ಕರೆಸಿಯೇ ತೀರಬೇಕೆಂದು ಬರೆಯಲು ಕೂತಿದ್ದೇನೆ.

ಸುದ್ದಿ ಕೇಳು. ನನ್ನ ಎಡಗೆನ್ನೆಯ ಸುಟ್ಟ ಕಲೆಗೆ ಲೇಸರ್ ಮಾಡಿಸಿಕೊಂಡೆ! ಐವತ್ತೈದು ದಾಟಿದ ಮೇಲೆ ಇವಳಿಗೇನು ಶೋಕಿ ಎಂದು ನಗಬೇಡ.

ಕಲೆ ಮೊದಲು ಹೇಗಿತ್ತೆಂದು ನೋಡಲು ಚರ್ಮದ ಡಾಕ್ಟರು ಹಳೆಯ ಫೋಟೊ ಕೇಳಿದರು. ನಿಮ್ಮಪ್ಪ ತಮ್ಮ ಫೋಟೊ ಸ್ಟುಡಿಯೋದಿಂದ ಒಂದು ಕಟ್ಟನ್ನೇ ಜಂಬದಿಂದ ಹೊತ್ತು ತಂದರು. ಆಕೆ ಒಂದೊಂದಾಗಿ ನೋಡಿ, "ಇದ್ರಲ್ಲಿ ಕಲೆ ಎಲ್ಲಿದೆಯಮ್ಮ? ನನ್ನ ಕೆನ್ನೆಗಿಂತ ಚೆನ್ನಾಗಿದೆಯಲ್ಲ!" ಎಂದರು. ನಿಮ್ಮಪ್ಪ ಪೆಚ್ಚಾದರು. ಇಪ್ಪತ್ತೇಳು ವರ್ಷ, ಗಿರಾಕಿಗಳ ಮೊಡವೆ ಅಳಿಸುವ ಹಾಗೆ ನನ್ನ ಕಲೆಯನ್ನೂ ಅಳಿಸಿಯೇ ಪ್ರಿಂಟ್ ಹಾಕಿದ್ದರು! "ಕೈಗೆ ಅಭ್ಯಾಸ ಆಗ್ಬಿಟ್ಟಿದೆ ಡಾಕ್ಟ್ರೇ" ಎಂದರು. ಮೂವರೂ ನಕ್ಕಿದ್ದೇ ನಕ್ಕಿದ್ದು.

ತಿಂಗಳಿಗೊಮ್ಮೆಯಂತೆ ನಾಲ್ಕು ಸಲ ಹೋದೆ. ಮರಗಟ್ಟಿಸುವ ಮುಲಾಮು ಹಚ್ಚಿ, ಕಣ್ಣು ಮುಚ್ಚಿಸಿ, ಚಟಚಟ ಚುಚ್ಚುವ ಬೆಳಕು ಹಾಯಿಸುತ್ತಾರೆ. ಮೊದಲ ವಾರ ಕೆನ್ನೆ ಥೇಟ್ ಟೊಮೆಟೊ. ಬಿಸಿಲು ತಾಗಬಾರದೆಂದು ನಿಮ್ಮಪ್ಪ ಕೊಡೆ ಹಿಡಿದು ತರಕಾರಿ ಅಂಗಡಿಯವರೆಗೂ ಹಿಂದೆಯೇ ಬಂದರು. ಅಂಗಡಿಯವನು, "ಏನಮ್ಮಾ, ಹೊಸದಾಗಿ ಮದುವೆ ಆದ್ರಾ?" ಎನ್ನಬೇಕೇ! ನಿಮ್ಮಪ್ಪನ ಮುಖ ನನ್ನದಕ್ಕಿಂತ ಕೆಂಪಾಯಿತು.

ಈಗ ಮುಕ್ಕಾಲು ಭಾಗ ಮಾಸಿದೆ. ಉಳಿದದ್ದು ಹೋಗುವುದಿಲ್ಲವಂತೆ, ಇರಲಿ ಬಿಡು. ಮೊನ್ನೆ ನಿಮ್ಮಪ್ಪ ನನ್ನನ್ನು ಕೂರಿಸಿ, ಎದುರಿನಿಂದಲೇ ಫೋಟೊ ತೆಗೆದು, ಏನನ್ನೂ ಅಳಿಸದೆ ಪ್ರಿಂಟ್ ಹಾಕಿದರು. ಜೊತೆಗಿಟ್ಟಿದ್ದೇನೆ. ಅಮ್ಮ ಚೆಲುವೆ ಹೌದೋ ಅಲ್ಲವೋ, ನೀನೇ ಹೇಳು.

ನೂರು ವರ್ಷ ನಗುನಗುತ್ತಾ ಬಾಳು, ನನ್ನ ಕಂದ.

ನಿನ್ನ
ಅಮ್ಮ

ತಾ.ಕ.: ಕಲೆ ನನಗೆಂದೂ ಭಾರವಾಗಿರಲಿಲ್ಲ. ಮೂರು ವರ್ಷದವಳಿದ್ದಾಗ ಬಿಸಿನೀರಿನ ಪಾತ್ರೆ ಎಳೆದವಳು ನೀನೇ ಎಂದು ಎರಡು ವರ್ಷದ ಹಿಂದೆ ಚಿಕ್ಕಮ್ಮ ಬಾಯಿತಪ್ಪಿ ಹೇಳಿದಳಲ್ಲ, ಅಂದು ತಲೆ ತಗ್ಗಿಸಿಕೊಂಡು ಹೋದವಳು ನೀನು ಮತ್ತೆ ನನ್ನ ಮುಖ ನೋಡಲಿಲ್ಲ. ನನಗೆ ನೋವಾದದ್ದು ಅದು. ಪಾತ್ರೆಯನ್ನು ಒಲೆಯ ಅಂಚಿನಲ್ಲಿ ಇಟ್ಟವಳು ನಾನು ಕಣೇ. ನಿನ್ನನ್ನು ಆಚೆ ತಳ್ಳಿದೆ. ನಿನ್ನ ಮೇಲೆ ಒಂದು ಹನಿಯೂ ಬೀಳಲಿಲ್ಲವೆಂದು ಆಸ್ಪತ್ರೆಯಲ್ಲಿ ಸುಟ್ಟ ಮುಖದಲ್ಲೇ ನಕ್ಕಿದ್ದೆ. ಲೇಸರ್ ಮಾಡಿಸಿದ್ದು ಚೆಂದಕ್ಕಲ್ಲ, ನೀನು ಬರಲಿ ಎಂದು. ಬಾ.